ಹಿರೇಗುಡ್ಡದ ಗೂಳಿ ಮತ್ತು ಎರಡು ಜೂಮ್ ಮಸೂರಗಳು

ಬಳ್ಳಾರಿ ನಗರದಿಂದ ಈಶಾನ್ಯಕ್ಕೆ ಕೆಲವೇ ಕಿಲೋಮೀಟರ್ ಹೋದರೆ ಸಂಗನಕಲ್ಲು ಸಿಗುತ್ತದೆ. ಎರೆಹೊಲಗಳ ಬಯಲಿನ ನಡುವೆ, ಯಾರೋ ಬಂಡೆಗಳನ್ನು ತಂದು ಒಂದರ ಮೇಲೊಂದು ಪೇರಿಸಿ ಹೋದಂತೆ ಇಲ್ಲಿ ಗುಡ್ಡಗಳು ಎದ್ದು ನಿಂತಿವೆ. ಸಣ್ಣರಾಚಮ್ಮನ ಗುಡ್ಡ, ಚೌಡಮ್ಮನ ಗುಡ್ಡ, ಅವೆರಡಕ್ಕೂ ಹಿರಿಯದಾದ ಹಿರೇಗುಡ್ಡ. ಹಿರೇಗುಡ್ಡದ ಮಗ್ಗುಲಲ್ಲಿ ಕಪ್ಪಗಲ್ಲು ಗ್ರಾಮವಿದೆ. ಇಂಗ್ಲಿಷಿನಲ್ಲಿ ಬರೆದ ವಿದ್ವಾಂಸರು ಈ ನೆಲೆಯನ್ನು ಕುಪ್‌ಗಲ್ ಎಂದು ಕರೆದರು. ಪುರಾತತ್ವದ ಪುಸ್ತಕಗಳಲ್ಲಿ ಅದೇ ಹೆಸರು ನಿಂತುಹೋಯಿತು.

ಹಿರೇಗುಡ್ಡದ ಗ್ರಾನೈಟ್ ಬಂಡೆಗಳ ನಡುವೆ ಕಪ್ಪು ಕಲ್ಲಿನ ಪಟ್ಟಿಯೊಂದು ಹಾದುಹೋಗಿದೆ. ಬಹಳ ಹಿಂದೆ ಭೂಮಿಯ ಒಳಗಿನ ಶಿಲಾರಸ ಬಿರುಕಿನೊಳಗೆ ನುಗ್ಗಿ ಗಟ್ಟಿಯಾಗಿ ಉಂಟಾದ ಪಟ್ಟಿ ಅದು. ಭೂವಿಜ್ಞಾನಿಗಳು ಆ ಕಲ್ಲನ್ನು ಡಾಲರೈಟ್ ಎನ್ನುತ್ತಾರೆ. ನವಶಿಲಾಯುಗದ ಜನ ಈ ಕಲ್ಲಿನಿಂದ ಕೊಡಲಿಗಳನ್ನು ಮಾಡಿದರು. ಇದೇ ಕಲ್ಲಿನ ಮೇಲೆ ಕುಟ್ಟಿ ಕುಟ್ಟಿ ಚಿತ್ರಗಳನ್ನೂ ಮೂಡಿಸಿದರು. ಉದ್ದ ಕೊಂಬಿನ, ಎತ್ತರದ ಇಣಿಯ ಗೂಳಿಗಳು, ದನಗಳ ಜೊತೆಯಲ್ಲಿ ನಿಂತ ಮನುಷ್ಯರು, ಗಂಡು ಹೆಣ್ಣಿನ ಮಿಲನದ ದೃಶ್ಯಗಳು, ಹೆಜ್ಜೆಗುರುತುಗಳು. ಇವುಗಳಲ್ಲಿ ಬಹುಪಾಲು ನವಶಿಲಾಯುಗದವು ಎಂಬುದು ಸಂಶೋಧಕರ ಅಭಿಪ್ರಾಯ. ಅನಂತರದ ಕಾಲದ ಜನರೂ ತಮ್ಮ ಕೈಗುರುತು ಸೇರಿಸುತ್ತಾ ಬಂದಿದ್ದಾರೆ.

ಚಿತ್ರಗಳೆಲ್ಲ ಕೈಗೆಟಕುವ ಜಾಗದಲ್ಲಿ ಇಲ್ಲ. ಬರೆದವನು ಮೇಲಿನ ಬಂಡೆಯಿಂದ ಜೋತುಬಿದ್ದೇ ಕುಟ್ಟಿರಬೇಕು ಎನ್ನಿಸುವಂಥ ಕಡೆಗಳಲ್ಲಿಯೂ ಕೆಲವು ಇವೆ. ಕೆಳಗೆ ನಿಂತವನು ತಲೆಯೆತ್ತಿ ನೋಡಬೇಕು. ಫೋಟೊ ತೆಗೆಯಬೇಕೆಂದರೆ ಕೆಳಗಿನಿಂದಲೇ ತೆಗೆಯಬೇಕು. ಜೇಬಿನಲ್ಲಿ ಇಡಬಹುದಾದ ಪುಟ್ಟ ಡಿಜಿಟಲ್ ಕ್ಯಾಮೆರಾ ಹಿಡಿದು ಅಲ್ಲಿಗೆ ಹೋದವನಿಗೆ ಏಳುವ ಮೊದಲ ಪ್ರಶ್ನೆ ಇದು: ದೂರದ್ದನ್ನು ಹತ್ತಿರ ತರುವ ಮಸೂರ ಬೇಕೋ, ಹೆಚ್ಚು ಅಗಲವನ್ನೂ ಹೆಚ್ಚು ಬೆಳಕನ್ನೂ ಹಿಡಿಯುವ ಮಸೂರ ಬೇಕೋ?

ಅಂಗಡಿಯ ಗಾಜಿನ ಮುಂದೆ ನಿಂತಾಗ ಇದು ಬರೀ ಕೊಳ್ಳುವವನ ಪ್ರಶ್ನೆ. ಹಿರೇಗುಡ್ಡದ ಬುಡದಲ್ಲಿ ನಿಂತಾಗ ಮಾತ್ರ ಅದು ಇತಿಹಾಸದ ಪ್ರಶ್ನೆಯಾಗುತ್ತದೆ. ಏಕೆಂದರೆ ಈ ಗುಡ್ಡದ ಚಿತ್ರಗಳು ಒಮ್ಮೆ ಲೋಕದ ಕಣ್ಣಿಗೆ ಬಿದ್ದು, ಮತ್ತೆ ಕಣ್ಮರೆಯಾಗಿ, ಒಂದು ಶತಮಾನದ ಮೇಲೆ ಮರಳಿ ಸಿಕ್ಕಿದಂಥವು.

ಮಾಸಿದ ಫೋಟೊಗಳು

ಬಳ್ಳಾರಿ ಸೀಮೆಯ ಪ್ರಾಗೈತಿಹಾಸಿಕ ನೆಲೆಗಳತ್ತ ವಿದ್ವಾಂಸರ ಗಮನ ಸೆಳೆದವರಲ್ಲಿ ಮುಖ್ಯನಾದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1863 ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಆಯುಧವನ್ನು ಗುರುತಿಸಿದವನು ಇವನೇ. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಕುರಿತು ಅವನು ಬರೆದ ಗ್ರಂಥ 1895 ರಲ್ಲಿ ಪ್ರಕಟವಾಯಿತು. ಅದಕ್ಕೆ ಮೂರು ವರ್ಷ ಮೊದಲೇ, 1892 ರಲ್ಲಿ, ಪೊಲೀಸ್ ಅಧಿಕಾರಿಯಾಗಿದ್ದ ಫ್ರೆಡ್ ಫಾಸೆಟ್ ‘ಏಷ್ಯಾಟಿಕ್ ಕ್ವಾರ್ಟರ್ಲಿ ರಿವ್ಯೂ’ ಪತ್ರಿಕೆಯಲ್ಲಿ ಬಳ್ಳಾರಿ ಬಳಿಯ ಈ ಬಂಡೆಚಿತ್ರಗಳ ವಿಷಯ ಬರೆದಿದ್ದ. ವಯನಾಡಿನ ಎಡಕಲ್ಲು ಗುಹೆಯ ಗೀರುಚಿತ್ರಗಳನ್ನು ಲೋಕಕ್ಕೆ ತಿಳಿಸಿದವನೂ ಇದೇ ಫಾಸೆಟ್. 1951 ರಲ್ಲಿ ಡಿ. ಎಚ್. ಗಾರ್ಡನ್ ಲಂಡನ್ನಿನ ‘ಮ್ಯಾನ್’ ಪತ್ರಿಕೆಯಲ್ಲಿ ಕುಪ್‌ಗಲ್ ಚಿತ್ರಗಳನ್ನು ಕುರಿತು ಒಂದು ಲೇಖನ ಬರೆದರು.

ಇಷ್ಟೆಲ್ಲ ಬರೆದಿದ್ದರೂ ಒಂದು ವಿಚಿತ್ರ ನಡೆಯಿತು. ಫಾಸೆಟ್ ಹೇಳಿದ ಚಿತ್ರಗಳು ಗುಡ್ಡದಲ್ಲಿ ಎಲ್ಲಿವೆ ಎಂಬುದು ಮುಂದೆ ಹುಡುಕಿಕೊಂಡು ಬಂದವರಿಗೆ ಸಿಕ್ಕಲಿಲ್ಲ. ಇಂಗ್ಲೆಂಡಿನ ರಾಯಲ್ ಆಂತ್ರೊಪಲಾಜಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಇಟ್ಟಿದ್ದ ಕೆಲವೇ ಹಳೆಯ ಫೋಟೊಗಳು ತೀರ ಮಾಸಿಹೋದವು. ಕೊನೆಗೆ 2002 ರಿಂದ ಈಚೆಗೆ ಕೇಂಬ್ರಿಜ್ ವಿಶ್ವವಿದ್ಯಾಲಯದ ನಿಕೋಲ್ ಬೊಯ್ವಿನ್ ಗುಡ್ಡ ಹತ್ತಿ ಮೊದಲಿನ ಚಿತ್ರಗಳನ್ನು ಮತ್ತೆ ಗುರುತಿಸಿದರು. ಅವುಗಳ ಜೊತೆಗೆ ಹೊಸ ಚಿತ್ರಗಳೂ ಹಲವು ಸಿಕ್ಕಿದವು. ಇದನ್ನು ಕುರಿತ ಅವರ ಲೇಖನ 2004 ರಲ್ಲಿ ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಬಂತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್ ಮೊದಲಾದವರು ಸೇರಿ ಇಲ್ಲಿ ಹಲವು ವರ್ಷ ಉತ್ಖನನ, ಸರ್ವೇಕ್ಷಣೆ ನಡೆಸಿದರು.

ಇಲ್ಲಿ ಎರಡು ನಷ್ಟಗಳಿವೆ. ಒಂದು, ಫೋಟೊ ಮಾಸಿದ್ದು. ಆ ಕಾಲದ ಕಾಗದದ ಮೇಲಿನ ಬೆಳ್ಳಿಯ ಬಿಂಬ ಸರಿಯಾಗಿ ತೊಳೆಯದೆ ಉಳಿದ ರಾಸಾಯನಿಕದಿಂದ, ತೇವದಿಂದ, ಬೆಳಕಿನಿಂದ ಹಳದಿಯಾಗುತ್ತಾ ಹೋಗುತ್ತದೆ. ಇನ್ನೊಂದು, ಚಿತ್ರದ ಸುದ್ದಿ ಉಳಿದರೂ ಜಾಗ ಕಳೆದುಹೋದದ್ದು. ಮೊದಲ ನಷ್ಟಕ್ಕೆ ರಸಾಯನಶಾಸ್ತ್ರ ಕಾರಣ. ಎರಡನೆಯ ನಷ್ಟ ನೋಡುವ ರೀತಿಗೆ ಸೇರಿದ್ದು. ನಮ್ಮ ಎರಡು ಮಸೂರಗಳ ಮಾತು ಈ ಎರಡನೆಯದಕ್ಕೆ ತಗುಲುತ್ತದೆ.

ಜೂಮ್ ಬಂದ ಬಗೆ

ಫಾಸೆಟ್‌ನ ಕಾಲದ ಕ್ಯಾಮೆರಾಗಳಲ್ಲಿ ಮಸೂರದ ಸಂಗಮದೂರ ಸ್ಥಿರವಾಗಿರುತ್ತಿತ್ತು. ಚಿತ್ರ ದೊಡ್ಡದಾಗಿ ಬರಬೇಕೆಂದರೆ ಛಾಯಾಗ್ರಾಹಕನೇ ಮುಂದೆ ನಡೆಯಬೇಕು, ಇಲ್ಲವೆ ಬೇರೆ ಮಸೂರ ತೊಡಿಸಬೇಕು. ಸಂಗಮದೂರ ಚಿಕ್ಕದಿದ್ದರೆ ಮಸೂರ ಹೆಚ್ಚು ಅಗಲವನ್ನು ಕಾಣುತ್ತದೆ, ಅದರಲ್ಲಿ ಒಂದೊಂದು ವಸ್ತುವೂ ಸಣ್ಣದಾಗಿ ಕಾಣುತ್ತದೆ. ಸಂಗಮದೂರ ದೊಡ್ಡದಿದ್ದರೆ ಕಿರಿದಾದ ಭಾಗವನ್ನು ಮಾತ್ರ ಕಾಣುತ್ತದೆ, ಅದು ದೊಡ್ಡದಾಗಿ ಬರುತ್ತದೆ. ಮನೆಯ ಕಿಟಕಿಗೆ ಮುಖ ಒತ್ತಿ ನೋಡಿದರೆ ಬೀದಿಯೆಲ್ಲ ಕಾಣುತ್ತದೆ. ಹಿಂದಿನ ಗೋಡೆಗೆ ಒರಗಿ ನೋಡಿದರೆ ಎದುರುಮನೆಯ ಬಾಗಿಲಷ್ಟೇ ಕಾಣುತ್ತದೆ. ಹೆಚ್ಚುಕಡಿಮೆ ಅದೇ ಲೆಕ್ಕ.

ಮಸೂರದೊಳಗಿನ ಗಾಜುಗಳನ್ನು ಹಿಂದೆ ಮುಂದೆ ಸರಿಸಿ ಸಂಗಮದೂರವನ್ನೇ ಬದಲಿಸಬಹುದು ಎಂಬ ಯೋಚನೆಗೆ ಅಮೆರಿಕದ ಕ್ಲೈಲ್ ಅಲೆನ್ 1902 ರಲ್ಲೇ ಪೇಟೆಂಟ್ ಪಡೆದಿದ್ದ. 1932 ರಲ್ಲಿ ಬೆಲ್ ಅಂಡ್ ಹೊವೆಲ್ ಕಂಪನಿಯ ‘ಕುಕ್ ವೇರೊ’ ಮಸೂರ ಚಲನಚಿತ್ರ ಕ್ಯಾಮೆರಾಗಳಿಗೆ ಬಂತು. ಸ್ಥಿರಚಿತ್ರದ 35 ಮಿ.ಮೀ. ಕ್ಯಾಮೆರಾಕ್ಕೆ ಜೂಮ್ ಬಂದದ್ದು 1959 ರಲ್ಲಿ, ಫೋಕ್ಟ್‌ಲ್ಯಾಂಡರ್ ಕಂಪನಿಯ ‘ಜೂಮರ್’ ಮೂಲಕ. ಅದನ್ನು ರೂಪಿಸಿದವನು ಫ್ರಾಂಕ್ ಬ್ಯಾಕ್. ಅದರ ವ್ಯಾಪ್ತಿ 36 ರಿಂದ 82 ಮಿ.ಮೀ. ಜೇಬಿನ ಕ್ಯಾಮೆರಾದೊಳಗೇ ಜೂಮ್ ಕೂಡಿಸಿದ ಮೊದಲಿಗರು ಪೆಂಟ್ಯಾಕ್ಸ್‌ನವರು. 1986 ರ ಅವರ ‘ಜೂಮ್ 70’ ಕ್ಯಾಮೆರಾ 35 ರಿಂದ 70 ಮಿ.ಮೀ. ವರೆಗೆ ಹೋಗುತ್ತಿತ್ತು.

ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಜೂಮ್ ಹಿಗ್ಗಿತು. ಫಿಲ್ಮಿನ ಜಾಗದಲ್ಲಿ ಬಂದ ಸೆನ್ಸರ್ ಚಿಕ್ಕ ಉಗುರಿಗಿಂತ ಸಣ್ಣದು. ಅಷ್ಟು ಸಣ್ಣ ಜಾಗದ ಮೇಲೆ ಬಿಂಬ ಬೀಳಿಸಲು ಮಸೂರವೂ ಸಣ್ಣದಿದ್ದರೆ ಸಾಕು. ಹೀಗಾಗಿ ಹಿಂದೆ ತೋಳುದ್ದದ ಕೊಳವೆಯಲ್ಲಿ ಇರುತ್ತಿದ್ದ ಶಕ್ತಿ ಅಂಗಿಯ ಜೇಬಿಗೆ ಇಳಿಯಿತು. ಅಂಗಡಿಗಳ ಫಲಕಗಳಲ್ಲಿ 3 ಪಟ್ಟು, 10 ಪಟ್ಟು ಎಂಬ ಸಂಖ್ಯೆಗಳು ದಪ್ಪಕ್ಷರದಲ್ಲಿ ಮಿನುಗತೊಡಗಿದವು.

ಈ ಪಟ್ಟಿನ ಲೆಕ್ಕ ಬಹಳ ಜನರನ್ನು ದಾರಿತಪ್ಪಿಸಿದೆ. 10 ಪಟ್ಟು ಎಂದರೆ ವಸ್ತು ಬರಿಗಣ್ಣಿಗಿಂತ ಹತ್ತು ಪಟ್ಟು ಹತ್ತಿರ ಬರುತ್ತದೆ ಎಂದಲ್ಲ. ಅತಿ ದೊಡ್ಡ ಸಂಗಮದೂರವನ್ನು ಅತಿ ಚಿಕ್ಕದರಿಂದ ಭಾಗಿಸಿದಾಗ ಬರುವ ಸಂಖ್ಯೆ ಅದು. ಎಲ್ಲಿಂದ ಶುರುವಾಯಿತು ಎಂಬುದನ್ನು ಅದು ಹೇಳುವುದಿಲ್ಲ. ಇನ್ನು ‘ಡಿಜಿಟಲ್ ಜೂಮ್’ ಎಂಬುದು ಜೂಮೇ ಅಲ್ಲ. ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವುದಷ್ಟೆ ಅದರ ಕೆಲಸ. ಹಿಟ್ಟು ಅಷ್ಟೇ ಇದ್ದು ರೊಟ್ಟಿಯನ್ನು ಅಗಲ ಬಡಿದಂತೆ. ತೆಳ್ಳಗಾಗುತ್ತದೆಯೇ ಹೊರತು ಹಿಟ್ಟು ಹೆಚ್ಚುವುದಿಲ್ಲ.

ಒಂದೇ ಮನೆಯ ಇಬ್ಬರು

2008 ರಲ್ಲಿ ಪ್ಯಾನಾಸಾನಿಕ್ ಕಂಪನಿ ಒಂದೇ ವರ್ಷದಲ್ಲಿ ಎರಡು ಪುಟ್ಟ ಕ್ಯಾಮೆರಾಗಳನ್ನು ತಂದಿತು. ಎರಡಕ್ಕೂ ಲ್ಯೂಮಿಕ್ಸ್ ಎಂಬ ಮನೆತನದ ಹೆಸರು, ಎರಡರ ಮಸೂರದ ಮೇಲೂ ಜರ್ಮನಿಯ ಲೈಕಾ ಹೆಸರು. ಆದರೆ ಗುಣ ಮಾತ್ರ ಎಣ್ಣೆ ಸೀಗೆಕಾಯಿ. ಮೊದಲನೆಯದು ಟಿಜೆಡ್5: 28 ರಿಂದ 280 ಮಿ.ಮೀ., ಅಂದರೆ 10 ಪಟ್ಟು. ಎರಡನೆಯದು ಎಲ್‌ಎಕ್ಸ್3: 24 ರಿಂದ 60 ಮಿ.ಮೀ., ಅಂದರೆ ಬರೀ ಎರಡೂವರೆ ಪಟ್ಟು. ಈ ಅಳತೆಗಳೆಲ್ಲ 35 ಮಿ.ಮೀ. ಫಿಲ್ಮಿನ ಚೌಕಟ್ಟಿಗೆ ಹೊಂದಿಸಿ ಹೇಳಿದವು. ಎರಡರ ತಯಾರಿಕೆಯೂ ನಿಂತು ಎಷ್ಟೋ ಕಾಲವಾಗಿದೆ. ಆದರೂ ಎರಡು ಬಗೆಯ ನೋಟವನ್ನು ಹೋಲಿಸಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ.

ಇವೆರಡನ್ನೂ ಹಿರೇಗುಡ್ಡಕ್ಕೆ ಒಯ್ದೆವೆಂದು ಊಹಿಸಿ ಲೆಕ್ಕ ಹಾಕೋಣ. ನಮ್ಮಿಂದ 10 ಮೀಟರ್ ದೂರದ ಬಂಡೆಯ ಮೇಲೆ 20 ಸೆಂಟಿಮೀಟರ್ ಉದ್ದದ ಒಂದು ಗೂಳಿಯ ಚಿತ್ರ ಇದೆ ಎಂದುಕೊಳ್ಳಿ. ಟಿಜೆಡ್5 ಅನ್ನು 280 ಕ್ಕೆ ಎಳೆದರೆ ಚೌಕಟ್ಟಿನಲ್ಲಿ ಸುಮಾರು 1.3 ಮೀಟರ್ ಅಗಲದ ಬಂಡೆ ತುಂಬಿಕೊಳ್ಳುತ್ತದೆ. ಎಲ್‌ಎಕ್ಸ್3 ಅನ್ನು ಅದರ ಕೊನೆಯಾದ 60 ಕ್ಕೆ ಎಳೆದರೂ ಚೌಕಟ್ಟಿನಲ್ಲಿ ಸುಮಾರು 6 ಮೀಟರ್ ಬಂಡೆ ಇರುತ್ತದೆ. ಮೊದಲನೆಯದರಲ್ಲಿ ಗೂಳಿಗೆ ಅಡ್ಡಲಾಗಿ 500 ಕ್ಕಿಂತ ಹೆಚ್ಚು ಚಿತ್ರಬಿಂದುಗಳು ಸಿಗುತ್ತವೆ, ಎರಡನೆಯದರಲ್ಲಿ ಸುಮಾರು 120. ಐನೂರು ಬಿಂದುಗಳಲ್ಲಿ ಕೊಂಬಿನ ಬಾಗು, ಇಣಿಯ ಏರು, ಕುಟ್ಟಿದ ಗುರುತುಗಳ ಒತ್ತು ಕಾಣುತ್ತವೆ. ನೂರಿಪ್ಪತ್ತರಲ್ಲಿ ಅದು ದನ ಎಂಬುದಷ್ಟೇ ಗೊತ್ತಾಗುತ್ತದೆ. ಹತ್ತಲಾಗದ ಬಂಡೆಯ ಮುಂದೆ ಉದ್ದ ಮಸೂರವೇ ಗೆಲ್ಲುತ್ತದೆ. ಇದರಲ್ಲಿ ಅನುಮಾನವಿಲ್ಲ.

ಆದರೆ ಬೆಳಕಿನ ಲೆಕ್ಕ ಬೇರೆ. ಮಸೂರದ ಕಿಂಡಿ ಎಷ್ಟು ಬೆಳಕು ಬಿಡುತ್ತದೆ ಎಂಬುದನ್ನು ಎಫ್ ಸಂಖ್ಯೆ ಹೇಳುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು. ಅಗಲದ ತುದಿಯಲ್ಲಿ ಎಲ್‌ಎಕ್ಸ್3 ರ ಸಂಖ್ಯೆ 2.0, ಟಿಜೆಡ್5 ರದು 3.3. ಉದ್ದದ ತುದಿಯಲ್ಲಿ ಮೊದಲನೆಯದು 2.8, ಎರಡನೆಯದು 4.9. ಬೆಳಕು ಈ ಸಂಖ್ಯೆಗಳ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ, ಉದ್ದದ ತುದಿಯಲ್ಲಿ ಟಿಜೆಡ್5 ಗೆ ಸಿಗುವುದು ಎಲ್‌ಎಕ್ಸ್3 ಗೆ ಸಿಗುವ ಬೆಳಕಿನ ಮೂರನೆಯ ಒಂದು ಭಾಗ ಮಾತ್ರ. ಅದರ ಮೇಲೆ ಕೈನಡುಕದ ಕಾಟ. ಕೈಯಲ್ಲಿ ಹಿಡಿದು ತೆಗೆಯುವಾಗ 60 ಮಿ.ಮೀ. ಗೆ ಸೆಕೆಂಡಿನ 60 ನೇ ಒಂದು ಭಾಗ ಸಾಕು, 280 ಕ್ಕೆ 280 ನೇ ಒಂದು ಭಾಗ ಬೇಕು ಎಂಬುದು ಹಳೆಯ ಛಾಯಾಗ್ರಾಹಕರ ರೂಢಿಯ ಲೆಕ್ಕ. ನಡುಕ ತಡೆಯುವ ಏರ್ಪಾಡು ಎರಡು ಕ್ಯಾಮೆರಾಗಳಲ್ಲೂ ಇತ್ತು. ಅದು ಸ್ವಲ್ಪ ಮಟ್ಟಿಗೆ ನೆರವಾಗುತ್ತದೆ.

ಬೆಳಕಿನ ಈ ಮಾತು ಹಿರೇಗುಡ್ಡದಲ್ಲಿ ಏಕೆ ಮುಖ್ಯವೆಂದರೆ, ಕುಟ್ಟುಚಿತ್ರ ಕಾಣುವುದು ಬಣ್ಣದಿಂದಲ್ಲ. ಡಾಲರೈಟಿನ ಹೊರಮೈ ಕಪ್ಪು. ಕುಟ್ಟಿದಾಗ ಒಳಗಿನ ತಿಳಿಬಣ್ಣ ಹೊರಬೀಳುತ್ತದೆ. ಸಾವಿರಾರು ವರ್ಷಗಳ ಬಿಸಿಲು ಮಳೆಗೆ ಆ ತಿಳಿಬಣ್ಣವೂ ಮತ್ತೆ ಕಪ್ಪಾಗುತ್ತಾ ಹೋಗುತ್ತದೆ. ಕಡೆಗೆ ಚಿತ್ರಕ್ಕೂ ಬಂಡೆಗೂ ಬಣ್ಣದಲ್ಲಿ ವ್ಯತ್ಯಾಸ ತೀರ ಕಡಿಮೆ ಉಳಿಯುತ್ತದೆ. ಬಳ್ಳಾರಿಯ ನಡುಮಧ್ಯಾಹ್ನದ ಬಿಸಿಲಿನಲ್ಲಿ ನೋಡಿದರೆ ಎಷ್ಟೋ ಚಿತ್ರಗಳು ಇಲ್ಲವೇ ಇಲ್ಲ ಎನ್ನಿಸಬಹುದು. ಬೆಳಗಿನ ಅಥವಾ ಇಳಿಹೊತ್ತಿನ ಓರೆ ಬಿಸಿಲು ಬಿದ್ದಾಗ ಕುಟ್ಟಿದ ಸಣ್ಣ ತಗ್ಗುಗಳಲ್ಲಿ ನೆರಳು ತುಂಬಿ ಗೂಳಿ ಎದ್ದು ನಿಲ್ಲುತ್ತದೆ. ಅಂದರೆ ಚಿತ್ರ ಚೆನ್ನಾಗಿ ಕಾಣುವ ಹೊತ್ತೇ ಬೆಳಕು ಕಡಿಮೆ ಇರುವ ಹೊತ್ತು. ಅಲ್ಲಿ ಬೆಳಕು ಹೆಚ್ಚು ಹಿಡಿಯುವ ಮಸೂರಕ್ಕೆ ಬೆಲೆ ಬರುತ್ತದೆ. ಉದ್ದ ಮಸೂರದವನಿಗೂ ಉಪಾಯವಿಲ್ಲದೆ ಇಲ್ಲ. ಬಂಡೆ ಅಲುಗಾಡುವುದಿಲ್ಲವಲ್ಲ! ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೋ ಮರಳು ತುಂಬಿದ ಚೀಲದ ಮೇಲೋ ಇಟ್ಟರೆ ಷಟರ್ ಎಷ್ಟು ಹೊತ್ತು ತೆರೆದಿದ್ದರೂ ಚಿಂತೆಯಿಲ್ಲ.

ನಿಂತ ಜಾಗದ ಮಹಿಮೆ

ಇನ್ನೊಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಅಗಲ ಮಸೂರ ಆಕಾರವನ್ನು ಸೊಟ್ಟ ಮಾಡುತ್ತದೆ, ಉದ್ದ ಮಸೂರ ನೆಟ್ಟಗೆ ತೋರಿಸುತ್ತದೆ ಎಂದು ಹೇಳುವುದುಂಟು. ನಿಜವಾಗಿ ನೋಡಿದರೆ ಆಕಾರವನ್ನು ನಿರ್ಧರಿಸುವುದು ಮುಖ್ಯವಾಗಿ ನಾವು ನಿಂತ ಜಾಗ. ಬಂಡೆಯ ಬುಡಕ್ಕೇ ಹೋಗಿ ತಲೆಯೆತ್ತಿ ತೆಗೆದರೆ ಗೂಳಿಯ ಕಾಲು ಹಿಗ್ಗಿ ಕೊಂಬು ಕುಗ್ಗುತ್ತದೆ. ಹಿಂದಕ್ಕೆ ಸರಿದು, ಎದುರಿನ ಇನ್ನೊಂದು ಬಂಡೆ ಹತ್ತಿ, ಚಿತ್ರದ ಸಮಕ್ಕೆ ನಿಂತು ತೆಗೆದರೆ ಗೂಳಿ ಅಳತೆಗೆ ಸರಿಯಾಗಿ ಬರುತ್ತದೆ. ಅಷ್ಟು ದೂರದಿಂದ ಅದನ್ನು ದೊಡ್ಡದಾಗಿ ಹಿಡಿಯಲು ಉದ್ದ ಮಸೂರ ಬೇಕು. ಸರಿಯಾದ ಜಾಗದಲ್ಲಿ ನಿಲ್ಲುವ ಸ್ವಾತಂತ್ರ್ಯವನ್ನು ಕೊಡುವುದೇ ಜೂಮಿನ ನಿಜವಾದ ಉಪಕಾರ. ನಡೆಯುವ ಶ್ರಮ ಉಳಿಸುವುದಲ್ಲ.

ನಿಂತ ಜಾಗಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ತಿಳಿಯಲು ಬಹಳ ದೂರ ಹೋಗಬೇಕಿಲ್ಲ. ಅಂದು ಬಳ್ಳಾರಿ ಜಿಲ್ಲೆಯಲ್ಲಿದ್ದು 2021 ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಹಂಪಿಯ ಉದಾಹರಣೆ ಕಣ್ಣಮುಂದಿದೆ. 1856 ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯ ಗುಡಿ ಗೋಪುರಗಳನ್ನು ದೊಡ್ಡ ಗಾತ್ರದ ಕಾಗದದ ನೆಗೆಟಿವ್‌ಗಳ ಮೇಲೆ ಹಿಡಿದ. ಅವನಲ್ಲಿ ಜೂಮ್ ಇರಲಿಲ್ಲ. ಎಲ್ಲಿ ಮುಕ್ಕಾಲಿ ಊರಿದನೋ ಅಲ್ಲಿಂದ ಕಂಡದ್ದೆಲ್ಲ, ಗುಡಿ ಮಾತ್ರವಲ್ಲ, ಸುತ್ತಲಿನ ಬಂಡೆ, ಗುಡ್ಡ, ಕುಸಿದ ಗೋಡೆ ಎಲ್ಲವೂ, ಚೌಕಟ್ಟಿನೊಳಗೆ ಬಂತು. 1983 ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಆ ಚಿತ್ರಗಳನ್ನು ಹಿಡಿದುಕೊಂಡು ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಅದೇ ದೃಶ್ಯಗಳನ್ನು ಮತ್ತೆ ತೆಗೆದರು. 127 ವರ್ಷಗಳ ಅಂತರದ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ಏನು ಬಿದ್ದಿದೆ, ಏನು ಉಳಿದಿದೆ, ಯಾವುದನ್ನು ದುರಸ್ತಿ ಮಾಡಲಾಗಿದೆ ಎಂಬುದು ಒಂದೊಂದಾಗಿ ಕಾಣುತ್ತದೆ. ಗ್ರೀನ್‌ಲಾ ಬರೀ ಕಂಬದ ಕೆತ್ತನೆಯನ್ನು ಹತ್ತಿರ ಎಳೆದು ತೆಗೆದಿದ್ದರೆ ಆ ಜಾಗವನ್ನು ಮತ್ತೆ ಹುಡುಕುವ ಕೆಲಸ ಎಷ್ಟು ಕಷ್ಟವಾಗುತ್ತಿತ್ತು!

ಹಿರೇಗುಡ್ಡಕ್ಕೆ ಈ ಪಾಠ ನೇರವಾಗಿ ಅನ್ವಯಿಸುತ್ತದೆ. 280 ಮಿ.ಮೀ. ನಲ್ಲಿ ತೆಗೆದ ಗೂಳಿಯ ಚಿತ್ರದಲ್ಲಿ ಗೂಳಿ ಇದೆ, ಕರಿಗಲ್ಲು ಇದೆ. ಗುಡ್ಡ ಇಲ್ಲ. ಅದು ಯಾವ ಬಂಡೆ, ಪಟ್ಟಿಯ ಯಾವ ಭಾಗ, ಪಕ್ಕದಲ್ಲಿ ಇನ್ನೇನಿತ್ತು, ಅಲ್ಲಿಂದ ಬಯಲು ಕಾಣುತ್ತಿತ್ತೇ, ಇದಾವುದನ್ನೂ ಆ ಚಿತ್ರ ಹೇಳಲಾರದು. ಅದೇ 10 ಮೀಟರ್ ದೂರದಿಂದ 24 ಮಿ.ಮೀ. ನಲ್ಲಿ ತೆಗೆದರೆ ಸುಮಾರು 15 ಮೀಟರ್ ಅಗಲದ ನೋಟ ಸಿಗುತ್ತದೆ. ಗೂಳಿ ಚುಕ್ಕೆಯಷ್ಟಾಗುತ್ತದೆ ನಿಜ, ಆದರೆ ಮುಂದೆ ಬರುವವನಿಗೆ ದಾರಿ ಸಿಗುತ್ತದೆ. ಒಂದು ಮಸೂರ ಚಿತ್ರವನ್ನು ಉಳಿಸುತ್ತದೆ, ಇನ್ನೊಂದು ವಿಳಾಸವನ್ನು ಉಳಿಸುತ್ತದೆ.

ಸದ್ದು ಮಾಡುವ ಕಲ್ಲು

ಇಲ್ಲಿ ವಿಳಾಸಕ್ಕೆ ಇನ್ನೂ ಆಳವಾದ ಅರ್ಥವಿದೆ. ಹಿರೇಗುಡ್ಡದ ಕೆಲವು ಕರಿಬಂಡೆಗಳನ್ನು ಗುಂಡುಕಲ್ಲಿನಿಂದ ಬಡಿದರೆ ಜಾಗಟೆಯಂತೆ ದನಿ ಬರುತ್ತದೆ. ಬಡಿದೂ ಬಡಿದೂ ಸವೆದ ತಗ್ಗುಗಳು ಅವುಗಳ ಮೇಲೆ ಇವೆ. ಚಿತ್ರ ಬಿಡಿಸುವುದೂ ಕಲ್ಲು ನುಡಿಸುವುದೂ ಒಂದೇ ಆಚರಣೆಯ ಭಾಗಗಳಾಗಿದ್ದಿರಬಹುದು ಎಂದು ಬೊಯ್ವಿನ್ ವಾದಿಸಿದರು. ಕುಟ್ಟುವುದೇ ಸದ್ದು, ಸದ್ದಿನ ಗುರುತೇ ಚಿತ್ರ. ಹಾಗಿದ್ದರೆ ಗೂಳಿಯ ಚಿತ್ರವೊಂದನ್ನೇ ಬೇರ್ಪಡಿಸಿ ನೋಡಿದರೆ ಅರ್ಧ ಮಾತ್ರ ತಿಳಿದಂತಾಗುತ್ತದೆ. ಚಿತ್ರದ ಬಂಡೆ, ಅದರ ಪಕ್ಕದ ನಾದದ ಬಂಡೆ, ಕೊಡಲಿ ತಯಾರಿಸಿದ ಜಾಗದಲ್ಲಿ ಚೆಲ್ಲಿದ ಕಲ್ಲಿನ ಚೂರುಗಳು, ಕೆಳಗಿನ ಬೂದಿದಿಬ್ಬ, ಎಲ್ಲವನ್ನೂ ಒಂದೇ ನೋಟದಲ್ಲಿ ಹಿಡಿಯಬೇಕು.

ಬೂದಿದಿಬ್ಬಗಳ ಕಥೆಯೂ ದನಗಳದ್ದೇ. ಬಳ್ಳಾರಿ, ರಾಯಚೂರು ಸೀಮೆಯ ಈ ದಿಬ್ಬಗಳು ಬೆಟ್ಟದಷ್ಟು ಸಗಣಿ ಸುಟ್ಟು ಉಳಿದ ಬೂದಿ ಎಂಬುದು ಇಪ್ಪತ್ತನೆಯ ಶತಮಾನದ ನಡುಭಾಗದ ಪರೀಕ್ಷೆಗಳಿಂದ, ಉತ್ಖನನಗಳಿಂದ ಖಚಿತವಾಯಿತು. ಅಲ್ಚಿನ್ ತಮ್ಮ 1963 ರ ಗ್ರಂಥದಲ್ಲಿ ಈ ಜನರನ್ನು ದಕ್ಷಿಣ ಭಾರತದ ನವಶಿಲಾಯುಗದ ಗೋಪಾಲಕರು ಎಂದೇ ಕರೆದರು. ಸಂಗನಕಲ್ಲಿನಲ್ಲಿ ಬಿ. ಸುಬ್ಬರಾವ್ ನಡೆಸಿದ ಉತ್ಖನನದ ಫಲವಾಗಿ 1948 ರಲ್ಲಿ ಬಳ್ಳಾರಿಯ ಶಿಲಾಯುಗದ ಸಂಸ್ಕೃತಿಗಳ ಮೇಲೆ ಅವರ ಗ್ರಂಥ ಬಂತು. 1964-65 ರಲ್ಲಿ ಅನ್ಸಾರಿ ಮತ್ತು ನಾಗರಾಜರಾವ್ ಅಲ್ಲಿ ಮತ್ತೆ ಅಗೆದರು. ಸುಮಾರು 4000 ವರ್ಷಗಳ ಹಿಂದೆ ಈ ಗುಡ್ಡಗಳ ಮೇಲೆ ವಾಸವಿದ್ದವರು ದನ ಕಾಯುತ್ತಿದ್ದರು, ಹುರುಳಿ, ಹೆಸರು, ಕೊರಲೆ ಬೆಳೆದು ಉಣ್ಣುತ್ತಿದ್ದರು. ಬಂಡೆಯ ಮೇಲಿನ ಗೂಳಿ ಅವರ ಹಟ್ಟಿಯದೇ.

ಇದೆಲ್ಲ ಒಂದೇ ಭೂದೃಶ್ಯದ ತುಂಡುಗಳು. ಆ ಭೂದೃಶ್ಯ ಈಗ ಇಡಿಯಾಗಿ ಉಳಿದಿಲ್ಲ. ಗ್ರಾನೈಟ್ ಗಣಿಗಾರಿಕೆ ಈ ಗುಡ್ಡಗಳ ಅಂಚನ್ನು ತಿಂದಿದೆ. ಹಿರೇಗುಡ್ಡದ ಉತ್ತರಕ್ಕೆ ಇನ್ನೂ ಹಳೆಯ ಚಿತ್ರಗಳಿದ್ದ ಕಲ್ಲಾಸರೆಯೊಂದರ ಒಂದು ಭಾಗ ಗಣಿಗೆ ಬಲಿಯಾಗಿತ್ತೆಂದು 2004 ರಲ್ಲೇ ವರದಿಯಾಗಿತ್ತು. ಕೆತ್ತನೆಯ ಬಂಡೆಯನ್ನು ಕಿತ್ತು ವಸ್ತುಸಂಗ್ರಹಾಲಯದಲ್ಲಿ ಇಡಬಹುದು; ಗುಡ್ಡವನ್ನು ಇಡಲಾಗದು. ಬಂಡೆ ಒಡೆದು ಜಲ್ಲಿಯಾದ ಮೇಲೆ ಉಳಿಯುವ ಸಾಕ್ಷಿ ಫೋಟೊ ಒಂದೇ. ಆ ಸಾಕ್ಷಿ ಏನು ಹೇಳಬಲ್ಲದು ಎಂಬುದು ತೆಗೆದವನು ಆ ದಿನ ಮಸೂರವನ್ನು ಎಲ್ಲಿಗೆ ತಿರುಗಿಸಿದ್ದ ಎಂಬುದರ ಮೇಲೆ ನಿಲ್ಲುತ್ತದೆ.

ಎರಡೂ ಬೇಕು

ಹಾಗಾದರೆ ಎರಡು ಕ್ಯಾಮೆರಾಗಳಲ್ಲಿ ಯಾವುದು ಮೇಲು? ಹತ್ತಲಾಗದ ಬಂಡೆಗೆ ಟಿಜೆಡ್5, ಇಳಿಹೊತ್ತಿನ ಬೆಳಕಿಗೂ ಗುಡ್ಡದ ನೋಟಕ್ಕೂ ಎಲ್‌ಎಕ್ಸ್3. ಸೆನ್ಸರ್ ಗ್ರಹಿಸಿದ್ದನ್ನು ತಿದ್ದದೆ ಹಾಗೆಯೇ ಉಳಿಸಿಕೊಳ್ಳುವ ಕಚ್ಚಾ ಕಡತದ ಸೌಲಭ್ಯವೂ ಎಲ್‌ಎಕ್ಸ್3 ಗೆ ಇತ್ತು, ಟಿಜೆಡ್5 ಗೆ ಇರಲಿಲ್ಲ. ದಾಖಲೆಯ ಕೆಲಸಕ್ಕೆ ಅದು ಸಣ್ಣ ವಿಷಯವಲ್ಲ. ಒಂದನ್ನೇ ಆರಿಸಬೇಕೆಂದರೆ ಯಾವುದನ್ನು ಆರಿಸಿದರೂ ಏನಾದರೂ ಬಿಟ್ಟುಹೋಗುತ್ತದೆ. ಮುಂದಿನ ದಿನಗಳಲ್ಲಿ ಮೊಬೈಲ್ ಫೋನ್ ತಯಾರಕರೂ ಇದೇ ತೀರ್ಮಾನಕ್ಕೆ ಬಂದರು. 2016 ರ ಐಫೋನ್ 7 ಪ್ಲಸ್‌ನಲ್ಲಿ 28 ಮತ್ತು 56 ಮಿ.ಮೀ. ಗೆ ಸಮನಾದ ಎರಡು ಸ್ಥಿರ ಮಸೂರಗಳು ಅಕ್ಕಪಕ್ಕ ಕುಳಿತವು. ಇಂದು ಹಳ್ಳಿಯ ಹುಡುಗರ ಕೈಯ ಫೋನಿನಲ್ಲೂ ಎರಡೋ ಮೂರೋ ಕಣ್ಣುಗಳು ಇರುತ್ತವೆ. ಅವುಗಳ ನಡುವಿನ ಅಂತರದಲ್ಲಿ ಎಳೆಯುವ ಜೂಮ್ ಬಹುಮಟ್ಟಿಗೆ ಕತ್ತರಿಸಿ ಹಿಗ್ಗಿಸುವ ಜೂಮೇ ಎಂಬುದು ನೆನಪಿದ್ದರೆ ಸಾಕು.

ಗುಡ್ಡ ನೋಡಲು ಹೋಗುವವರು ಪಾಲಿಸಬಹುದಾದ ಕ್ರಮ ಕಷ್ಟದ್ದಲ್ಲ. ಮೊದಲು ದೂರದಿಂದ, ಅಗಲ ಮಸೂರದಲ್ಲಿ, ದಿಗಂತವೂ ಬರುವಂತೆ ಗುಡ್ಡದ ಒಂದು ಚಿತ್ರ. ಆಮೇಲೆ ಬಂಡೆಯ ಒಂದು ಚಿತ್ರ, ಪಕ್ಕದ ಬಂಡೆಗಳೂ ಸೇರುವಂತೆ. ಕೊನೆಗೆ ಕುಟ್ಟುಚಿತ್ರದ ಒಂದು ಚಿತ್ರ, ಆದಷ್ಟು ಅದರ ಎದುರಿಗೆ ನಿಂತು, ಕೈಗೆಟಕುವ ಕಡೆ ಅಳತೆಪಟ್ಟಿ ಇಟ್ಟು, ಓರೆ ಬೆಳಕಿನಲ್ಲಿ. ಗೆರೆ ಚೆನ್ನಾಗಿ ಕಾಣಲೆಂದು ಸೀಮೆಸುಣ್ಣ ಬಳಿಯುವ ಹಳೆಯ ಅಭ್ಯಾಸವನ್ನು ಬಿಡಬೇಕು. ಬಳಿಯುವವನು ತಾನು ಊಹಿಸಿದ ಗೆರೆಯನ್ನು ನಿಜವಾದ ಗೆರೆಯ ಮೇಲೆ ಹೇರುತ್ತಾನೆ. ನೀರು ಚಿಮುಕಿಸುವುದೂ ಬೇಡ. ಕಲ್ಲು ನುಡಿಯುತ್ತದೆಯೇ ಎಂದು ಪರೀಕ್ಷಿಸಲು ಬಡಿಯುವುದಂತೂ ಬೇಡವೇ ಬೇಡ. ನಾಲ್ಕು ಸಾವಿರ ವರ್ಷದ ಗುರುತಿನ ಮೇಲೆ ಈ ಭಾನುವಾರದ ಗುರುತು ಸೇರಬಾರದು.

ಸಂಶೋಧಕರು ಈಗ ಇನ್ನೂ ಮುಂದೆ ಹೋಗಿದ್ದಾರೆ. ಒಂದರ ಮೇಲೊಂದು ಅಂಚು ಸೇರುವಂತೆ ನೂರಾರು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಿದರೆ ಇಡೀ ಬಂಡೆಯ ಮೂರು ಆಯಾಮದ ಪ್ರತಿರೂಪ ಸಿದ್ಧವಾಗುತ್ತದೆ. ಸ್ವಾರಸ್ಯವೆಂದರೆ ಈ ಕೆಲಸಕ್ಕೆ ಜೂಮ್ ಅಡ್ಡಿ. ಚಿತ್ರದಿಂದ ಚಿತ್ರಕ್ಕೆ ಸಂಗಮದೂರ ಬದಲಾದರೆ ಲೆಕ್ಕ ತೊಡಕಾಗುತ್ತದೆ. ಆದ್ದರಿಂದ ಜೂಮ್ ಮಸೂರವಿದ್ದವರು ಅದನ್ನು ಒಂದೇ ಅಳತೆಗೆ ನಿಲ್ಲಿಸಿ, ಕೆಲಸ ಮುಗಿಯುವವರೆಗೆ ಮುಟ್ಟುವುದಿಲ್ಲ. ಅಂದರೆ ನೂರೈವತ್ತಕ್ಕೂ ಹೆಚ್ಚು ವರ್ಷ ಸುತ್ತಿ ಬಂದು ಮತ್ತೆ ಗ್ರೀನ್‌ಲಾನ ಹಾಗೆ ಸ್ಥಿರ ಮಸೂರ ಹಿಡಿದು ಕಾಲಿನಿಂದಲೇ ಹತ್ತಿರ ಹೋಗಬೇಕು.

ಕೊನೆಯದಾಗಿ ಒಂದು ಎಚ್ಚರಿಕೆ. 1892 ರ ಕಾಲದ ಫೋಟೊಗಳು ನಿಧಾನವಾಗಿ ಮಾಸಿದವು. ಮಾಸುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು. ಡಿಜಿಟಲ್ ಚಿತ್ರ ಮಾಸುವುದಿಲ್ಲ. ಫೋನ್ ಕಳೆದಾಗ, ಹಾರ್ಡ್‌ಡಿಸ್ಕ್ ಕೆಟ್ಟಾಗ, ಸುಳಿವು ಕೊಡದೆ ಒಮ್ಮೆಲೇ ಇಲ್ಲವಾಗುತ್ತದೆ. ಹೆಸರು, ತಾರೀಕು, ಜಾಗ ಬರೆಯದೆ ಉಳಿದ ಸಾವಿರ ಚಿತ್ರಗಳು ಇದ್ದರೂ ಇಲ್ಲದಂತೆಯೇ. ಬಳ್ಳಾರಿ ನಗರದಲ್ಲಿ ಇಂದು ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯ ಇದೆ. ಈ ಗುಡ್ಡಗಳಲ್ಲಿ ದೊರೆತ ಅವಶೇಷಗಳನ್ನು ಅಲ್ಲಿ ಹತ್ತಿರದಿಂದ ನೋಡಬಹುದು. ಅದನ್ನು ನೋಡಿಕೊಂಡು, ಸಂಜೆಗೆ ಗುಡ್ಡದ ಬುಡಕ್ಕೆ ಹೋಗಿ ನಿಂತರೆ ಈ ಲೇಖನದ ಮಾತು ತಾನಾಗಿಯೇ ಅರ್ಥವಾಗುತ್ತದೆ. ಗೂಳಿಯನ್ನು ಹತ್ತಿರ ಎಳೆದುಕೊಳ್ಳುವ ಆಸೆ ಎಲ್ಲರಿಗೂ ಸಹಜ. ಎಳೆದುಕೊಳ್ಳಿ. ಆದರೆ ಅದಕ್ಕೆ ಮೊದಲು ಒಂದು ಸಲ ಮಸೂರವನ್ನು ಪೂರ್ತಿ ಅಗಲಕ್ಕೆ ತಂದು, ಅದು ಮೇಯುವ ಗುಡ್ಡವನ್ನೂ ಹಿಡಿದುಕೊಳ್ಳಿ. ಮುಂದೆ ಯಾರಾದರೂ ಹುಡುಕಿಕೊಂಡು ಬಂದರೆ ಅವರಿಗೆ ಮೊದಲು ಬೇಕಾಗುವುದು ಆ ಚಿತ್ರವೇ.